ಹೂಂ ಅನ್ನದ ಗುಂಡಿ

“ಗುರುಗಳೇ, ಬಳಸುವವರ ಅವಿವೇಕಕ್ಕೆ ಯಾವ ಪ್ರೋಗ್ರಾಂ ಬರೆಯಬೇಕು?” ಎಂದು ಶಿಷ್ಯ ನಂಜುಂಡ ಕೇಳಿದ.

ಗುರು ತಲೆಯೆತ್ತಿ ನೋಡಿದರು. ನಂಜುಂಡ ಒಂದು ಔಷಧಿ ಅಂಗಡಿಗೆ ಮೊಬೈಲ್ ಆ್ಯಪ್ ಮಾಡಿಕೊಟ್ಟಿದ್ದ. ಅವನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಅಂಗಡಿಯವರು ಮುನಿಸಿಕೊಂಡರೆ ಎರಡನೆಯ ಕೆಲಸ ಸಿಗುವುದು ಕಷ್ಟ.

“ಒಂದೇ ಔಷಧಿಗೆ ಜನ ಎರಡೆರಡು ಸಲ ಗುಂಡಿ ಒತ್ತುತ್ತಾರೆ. ಡೇಟಾಬೇಸ್ ತೆರೆದರೆ ಬರೀ ಅವಳಿ ಸಾಲುಗಳು. ಅಂಕಿಅಂಶ ತೆಗೆದರೆ ಊರಿಗೆ ಊರೇ ಹಾಸಿಗೆ ಹಿಡಿದ ಹಾಗೆ ಕಾಣುತ್ತದೆ. ಅವಳಿ ಕಂಡಲ್ಲೆಲ್ಲ ಒಂದನ್ನು ಅಳಿಸಿಬಿಡೋಣ ಅಂತಿದ್ದೇನೆ.”

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ನಂಜುಂಡ ತೆಗೆದು ನೋಡಿ, ಸದ್ದು ಅಡಗಿಸಿ, ಮತ್ತೆ ಜೇಬಿಗಿಟ್ಟ.

“ಯಾರು?” ಎಂದರು ಗುರು.

“ಅದೇ ಅಂಗಡಿಯವರು. ಬೆಳಗಿನಿಂದ ಇದೇ ಗೋಳು. ಸರಿ ಮಾಡಿದ ಮೇಲೆ ಮಾತಾಡಿದರಾಯಿತು.”

“ಒಂದು ಕತೆ ಹೇಳುತ್ತೇನೆ, ಹೂಂಗುಟ್ಟುತ್ತಾ ಕೇಳು” ಎಂದು ಗುರು ಶುರುಮಾಡಿದರು.

ಒಬ್ಬ ಹೂವಿನ ವ್ಯಾಪಾರಿ ಇದ್ದ. ಪಳಗಿದ ಆಸಾಮಿ. ಬೆಳಿಗ್ಗೆ ಹೂವಾಗಿದ್ದದ್ದು ಸಂಜೆಗೆ ಕಸವಾಗುತ್ತದೆಂದು ಬಲ್ಲವನಾದ್ದರಿಂದ ಗಿರಾಕಿ ಹೇಳಿದಷ್ಟನ್ನೇ ಕಟ್ಟಿಸುತ್ತಿದ್ದ. ಕೇಳುವವರಿಲ್ಲದೆ ಒಂದು ಮೊಗ್ಗನ್ನೂ ನಾರಿಗೆ ಏರಿಸುತ್ತಿರಲಿಲ್ಲ. ಜನ ಮನೆಯಲ್ಲೇ ಕೂತು ಹೂವು ಹೇಳಿಕಳಿಸುವಂತಾಗಲಿ ಎಂದು ಒಬ್ಬ ಪ್ರೋಗ್ರಾಮರನಿಂದ ಆ್ಯಪ್ ಮಾಡಿಸಿದ.

ಆ್ಯಪ್ ಬಂದ ಮೇಲೆ ಅಂಗಡಿಯಲ್ಲಿ ಹೂವು ಉಳಿಯತೊಡಗಿತು. ಒಂದೇ ಮನೆಯವರು ಒಂದೇ ಹಾರವನ್ನು ಎರಡು ಸಲ ಹೇಳಿರುತ್ತಿದ್ದರು. ಎರಡನ್ನೂ ಕಟ್ಟಿ ಕಳಿಸಿದರೆ, “ನಾವು ಹೇಳಿದ್ದು ಒಂದೇ” ಎಂದು ಇನ್ನೊಂದನ್ನು ಬಾಗಿಲಿನಿಂದಲೇ ಹಿಂದಕ್ಕೆ ಅಟ್ಟುತ್ತಿದ್ದರು. ವ್ಯಾಪಾರಿ ಪ್ರೋಗ್ರಾಮರನನ್ನು ಕರೆಸಿದ.

“ತಪ್ಪು ನನ್ನದಲ್ಲ ಯಜಮಾನ್ರೇ. ನೆಟ್‌ವರ್ಕ್ ನಿಧಾನ. ಜನಕ್ಕೆ ತಾಳ್ಮೆಯಿಲ್ಲ, ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ.”

“ನನ್ನ ಗಿರಾಕೀನ ಬೈಯೋಕೆ ನನಗೇ ಬಾಯಿದೆಯಪ್ಪ. ಅದಕ್ಕೆ ನಿನ್ನನ್ನ ಯಾಕೆ ಕರೆಸಲಿ? ಹೂವು ಉಳಿಯದ ಹಾಗೆ ಮಾಡು.”

ಪ್ರೋಗ್ರಾಮರ್ ಅಲ್ಲೇ ಕೂತು ಒಂದು ಕಟ್ಟಳೆ ಬರೆದ. ಅದೇ ಮನೆ, ಅದೇ ದಿನ, ಅದೇ ಹೂವು ಎರಡು ಸಲ ಬಂದರೆ ಮೊದಲನೆಯದು ಇರಲಿ, ಎರಡನೆಯದು ಅಳಿಯಲಿ. ತರಿಸಿದ ಕಾಫಿ ಆರುವ ಮೊದಲೇ ಕೆಲಸ ಮುಗಿಯಿತು. ಮರುದಿನದಿಂದ ಉಳಿಕೆಯ ಬುಟ್ಟಿ ಖಾಲಿಯಾಯಿತು.

ಇಲ್ಲಿ ಗುರು ನಿಲ್ಲಿಸಿದರು. ನಂಜುಂಡನ ಗಮನ ಜೇಬಿನ ಕಡೆಗಿತ್ತು. ಫೋನು ಮತ್ತೆ ಅದುರುತ್ತಿತ್ತು.

“ಮರುದಿನದಿಂದ ಉಳಿಕೆಯ ಬುಟ್ಟಿ ಖಾಲಿಯಾಯಿತು,” ಎಂದು ಗುರು ಇನ್ನೊಮ್ಮೆ ಹೇಳಿದರು.

“ಹೂಂ,” ಎಂದ ನಂಜುಂಡ. ಕತೆ ಮುಂದಕ್ಕೆ ಹೋಯಿತು.

ಕೆಲವು ವಾರ ವ್ಯಾಪಾರಿ ನೆಮ್ಮದಿಯಿಂದಿದ್ದ. ಹಾಗಿರುವಾಗ ಒಂದು ಬೆಳಿಗ್ಗೆ ಮದುವೆಯ ಛತ್ರದಿಂದ ಫೋನ್ ಬಂತು. ಮಾತಾಡಿದವಳು ಹೆಣ್ಣಿನ ತಾಯಿ.

“ಅಣ್ಣಾ, ಬುಟ್ಟಿಯಲ್ಲಿ ಒಂದೇ ಹಾರ ಇದೆ.”

“ನೀವು ಹೇಳಿದ್ದು ಒಂದೇ ಅಲ್ವೇನಮ್ಮ?”

“ಒಂದು ಹಾರ ಇಟ್ಕೊಂಡು ಯಾರಾದ್ರೂ ಮದುವೆ ಮಾಡ್ತಾರೇನಣ್ಣಾ? ನನ್ನ ಮಗಳು ಹಾಕಿದ್ದನ್ನೇ ಅಳಿಯ ತೆಗೆದು ಅವಳಿಗೆ ವಾಪಸ್ ಹಾಕಬೇಕಾ? ಹುಡುಗನಿಗೊಂದು ಅಂತ ಒತ್ತಿದೆ. ಆಮೇಲೆ ಹುಡುಗಿಗೊಂದು ಅಂತ ಒತ್ತಿದೆ. ಎರಡೂ ಒಂದೇ ಥರ ಇರಲಿ ಅಂತ ಸುಗಂಧರಾಜದ್ದೇ ಹೇಳಿದೆ. ಬೀಗರು ಬಂದು ಕೂತಿದ್ದಾರೆ, ಪುರೋಹಿತರು ಆಗಲೇ ಅಂತರಪಟ ಕೇಳ್ತಿದ್ದಾರೆ.”

ವ್ಯಾಪಾರಿಗೆ ಎಲ್ಲಿ ಎಡವಟ್ಟಾಗಿದೆ ಎಂದು ತಿಳಿದುಹೋಯಿತು. ಅದೇ ಮನೆ, ಅದೇ ದಿನ, ಅದೇ ಹೂವು. ಹೆಣ್ಣಿನ ಹಾರ ಅಳಿಸಿಹೋಗಿತ್ತು. ಹೊಸದಾಗಿ ಕಟ್ಟಿಸೋಣವೆಂದರೆ ಅಷ್ಟು ಹೊತ್ತಿಗೆ ಮುಹೂರ್ತ ಮೀರುತ್ತದೆ. ಹೆಣ್ಣಿನ ಕಡೆಯವರು ತುಂಬಿದ ಛತ್ರದಲ್ಲಿ ತಲೆತಗ್ಗಿಸಬೇಕು. ಆ ಛತ್ರದಲ್ಲಿ ಕೂತವರು ಯಾರೂ ಇನ್ನು ತನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬುದೂ ಅವನ ತಲೆಗೆ ಬಂತು.

ಅವನು ಕೂಗಾಡಲಿಲ್ಲ. ಅಂಗಡಿಯ ಸುತ್ತ ಒಮ್ಮೆ ಕಣ್ಣು ಹಾಯಿಸಿದ. ಮೂಲೆಯಲ್ಲಿ ಒದ್ದೆ ಬಟ್ಟೆಯಡಿ ಒಂದು ಸುಗಂಧರಾಜದ ಹಾರವಿತ್ತು. ಮಧ್ಯಾಹ್ನದ ಸಮಾರಂಭದಲ್ಲಿ ಒಬ್ಬ ಅಧ್ಯಕ್ಷರಿಗೆ ಹಾಕುವುದಕ್ಕೆಂದು ಕಟ್ಟಿದ್ದು.

“ಅಧ್ಯಕ್ಷರು ಹೇಗೂ ತಡವಾಗೇ ಬರ್ತಾರೆ. ಅವರಿಗೆ ಇನ್ನೊಂದು ಕಟ್ಟಿ,” ಎಂದು ಹೂ ಕಟ್ಟುವವರಿಗೆ ಹೇಳಿ, ಆ ಹಾರವನ್ನು ಬಾಳೆಲೆಯಲ್ಲಿ ಸುತ್ತಿ, ಆಗಷ್ಟೇ ಅಂಗಡಿಗೆ ಬಂದ ಪ್ರೋಗ್ರಾಮರನ ಕೈಗೆ ಕೊಟ್ಟ. “ನಿನ್ನ ಸ್ಕೂಟರ್ ತೆಗಿ. ಹೂವು ನಲುಗುತ್ತೆ ಅಂತ ಕೊರಳಿಗೆ ಹಾಕ್ಕೊಂಡು ಹೋಗ್ಬೇಡ, ಹೆಣ್ಣನ್ನ ನಿನಗೇ ಕಟ್ಟಿ ಕಳಿಸ್ತಾರೆ.”

ಪ್ರೋಗ್ರಾಮರ್ ನಗಲಿಲ್ಲ. ಹೋದ.

ವ್ಯಾಪಾರಿ ಫೋನನ್ನು ಮುಂದಿಟ್ಟುಕೊಂಡು ಕೂತ. ಕೂತೇ ಇದ್ದ. ಕೊನೆಗೆ ಅದು ಬಡಿದುಕೊಂಡಿತು. ಆ ಕಡೆಯಿಂದ ಮೊದಲು ಕೇಳಿಸಿದ್ದು ವಾಲಗದ ಗಟ್ಟಿಮೇಳ. ಅದರ ನಡುವೆ ಪ್ರೋಗ್ರಾಮರನ ದನಿ, “ಹಾಕಿದರು ಯಜಮಾನ್ರೇ, ಇಬ್ಬರೂ ಹಾಕಿದರು.” ವ್ಯಾಪಾರಿ ಹಣೆಯ ಬೆವರು ಒರೆಸಿಕೊಂಡ. ಲೋಟದಲ್ಲಿದ್ದ ನೀರನ್ನೆಲ್ಲ ಕುಡಿದ. ಗೋಡೆಗೆ ಒರಗಿ, ಎದುರಿನ ರಸ್ತೆಯನ್ನು ಸುಮ್ಮನೆ ನೋಡುತ್ತ ಕೂತ. ಅಂಗಡಿ ಇಟ್ಟಾಗಿನಿಂದ ಅವನು ಕೈಕಟ್ಟಿ ಕೂತಿದ್ದನ್ನು ಯಾರೂ ಕಂಡಿರಲಿಲ್ಲ.

ಪ್ರೋಗ್ರಾಮರ್ ಮರಳಿ ಬಂದಾಗಲೂ ವ್ಯಾಪಾರಿ ಹಾಗೆಯೇ ಇದ್ದ. ಅದೇ ಹೊತ್ತಿಗೆ ಒಬ್ಬ ಹೆಂಗಸು ಬಂದು, “ಎರಡು ಮಾರು ಸೇವಂತಿಗೆ ಕೊಡಿ” ಎಂದಳು. ಹಗುರಾದ ಮನಸ್ಸಿನಲ್ಲಿ ಮುಳುಗಿದ್ದ ವ್ಯಾಪಾರಿ ಅವಳ ಕಡೆ ತಿರುಗಲಿಲ್ಲ. “ಎರಡು ಮಾರು ಸೇವಂತಿಗೆ,” ಎಂದಳು ಮತ್ತೆ. ವ್ಯಾಪಾರಿ ಎಚ್ಚೆತ್ತು, “ಹೂಂ,” ಎಂದ. ಅವಳು ಸುಮ್ಮನಾದಳು.

ವ್ಯಾಪಾರಿ ಹೂವು ಅಳೆಯುತ್ತ ಅಳೆಯುತ್ತ ಕೈ ನಿಲ್ಲಿಸಿದ. ಪ್ರೋಗ್ರಾಮರನನ್ನು ಕೇಳಿದ, “ನಾಲ್ಕು ಮಾರು ಅಳೆಯಲೋ, ಎರಡೋ?”

“ಎರಡೇ.”

“ಎರಡು ಸಲ ಹೇಳಿದಳಲ್ಲ.”

“ನೀವು ಹೂಂ ಅನ್ನಲಿಲ್ಲ, ಅದಕ್ಕೆ ಇನ್ನೊಂದು ಸಲ…” ಎಂದು ಹೇಳಹೊರಟ ಪ್ರೋಗ್ರಾಮರ್ ಮಾತನ್ನು ಅರ್ಧಕ್ಕೇ ಬಿಟ್ಟ. ಆ ಹೆಂಗಸು ಇಬ್ಬರನ್ನೂ ನೋಡಿ, “ನನ್ನ ಹೂವು ಕೊಟ್ಟು ಆಮೇಲೆ ಮಾತಾಡ್ಕೊಳ್ಳಿ,” ಎಂದಳು.

ಅವಳು ಹೋದ ಮೇಲೆ ಪ್ರೋಗ್ರಾಮರ್ ಮತ್ತೆ ಕೂತ. ಈ ಸಲ ಕಾಫಿ ಆರಿ ತಣ್ಣಗಾದರೂ ಅವನು ಏಳಲಿಲ್ಲ. ಮೊದಲು ಆ ಅಳಿಸುವ ಕಟ್ಟಳೆಯನ್ನು ಕಿತ್ತುಹಾಕಿದ. ಗುಂಡಿ ಒತ್ತಿದ ಕೂಡಲೇ ಅದರ ಬಣ್ಣ ಮಂಕಾಗಿ, “ಕಳಿಸುತ್ತಿದ್ದೇವೆ, ತಾಳಿ” ಎಂದು ತೆರೆಯ ಮೇಲೆ ಬರುವಂತೆ ಮಾಡಿದ. ಮಾತು ಅಂಗಡಿ ತಲುಪಿದಾಗ “ಹೂಂ, ತಲುಪಿತು” ಎಂದು ಬರುವಂತೆ ಮಾಡಿದ. ಹಿಟ್ಟಿನ ಗಿರಣಿಯಲ್ಲಿ ಚೀಲ ಇಳಿಸಿದವರಿಗೆಲ್ಲ ಒಂದೊಂದು ಟೋಕನ್ ಕೊಡುವ ಹಾಗೆ, ಹೊಸದಾಗಿ ಹೂವು ಹೇಳಲು ಶುರುಮಾಡಿದಾಗಲೆಲ್ಲ ಆ್ಯಪ್ ಒಳಗೊಳಗೇ ಒಂದು ಟೋಕನ್ ಕೊಡುವಂತೆ ಬರೆದ. ನೆಟ್‌ವರ್ಕ್ ತಡವರಿಸಿ ಅದೇ ಟೋಕನ್ ಮತ್ತೆ ಬಂದರೆ ಅದು ಹಳೆಯ ಮಾತು. ಹೊಸ ಹಾರ ಕಟ್ಟಬೇಕಿಲ್ಲ. ಟೋಕನ್ ಬೇರೆಯಾದರೆ, ಹೂವು ಒಂದೇ ಆಗಿದ್ದರೂ, ಅದು ಬೇರೆ ಕೊರಳಿನ ಹಾರ.

ವ್ಯಾಪಾರಿ ತಾನೇ ಒಂದು ಹಾರ ಹೇಳಿ, ಬೇಕೆಂದೇ ಗುಂಡಿಯನ್ನು ಟಕಟಕ ಒತ್ತಿ ನೋಡಿದ. ಒಂದೇ ಬಂತು. ಇನ್ನೊಂದನ್ನು ಹೊಸದಾಗಿ ಹೇಳಿ ನೋಡಿದ. ಎರಡಾಯಿತು.

“ಇದನ್ನ ಮೊದಲೇ ಮಾಡಬಹುದಿತ್ತಲ್ಲಯ್ಯಾ,” ಎಂದ.

“ಮೊದಲು ಜನರ ಮೇಲೆ ಸಿಟ್ಟಿತ್ತು ಯಜಮಾನ್ರೇ.”

ವ್ಯಾಪಾರಿ ಅದಕ್ಕೆ ಹೂಂ ಎಂದು, ಅವನಿಗೆ ಬಿಸಿಯಾಗಿ ಇನ್ನೊಂದು ಕಾಫಿ ಹೇಳಿದ. ಅಂದಿನಿಂದ ಉಳಿಕೆಯ ಬುಟ್ಟಿಯೂ ತುಂಬಲಿಲ್ಲ, ಯಾವ ಛತ್ರದಿಂದಲೂ ಫೋನ್ ಬರಲಿಲ್ಲ.

ಕತೆ ಮುಗಿಯಿತು. ನಂಜುಂಡನ ಮುಖ ತಿಳಿಯಾಗಿತ್ತು. ಎಷ್ಟೋ ಹೊತ್ತು ಹೊತ್ತ ಮೂಟೆಯನ್ನು ಇಳಿಸಿದವನಂತೆ ಅವನು ಉಸಿರುಬಿಟ್ಟ.

“ತಿಳಿಯಿತು ಗುರುಗಳೇ. ಅಪ್ಪನಿಗೂ ಅಮ್ಮನಿಗೂ ಒಂದೇ ಮಾತ್ರೆ ಹೇಳುವ ಮನೆಗಳಿರುತ್ತವೆ. ನಾನು ಅಳಿಸಿದ್ದರೆ ಒಬ್ಬರಿಗೆ ಮಾತ್ರೆ ತಪ್ಪುತ್ತಿತ್ತು. ಸದ್ಯ, ಇನ್ನೂ ಅಳಿಸಿಲ್ಲ. ಈಗಲೇ ಹೋಗಿ ಗುಂಡಿ ಸರಿಮಾಡುತ್ತೇನೆ.”

ಅವನು ಎದ್ದು ನಿಂತ. ಜೇಬಿನಲ್ಲಿ ಫೋನು ಮತ್ತೆ ಅದುರತೊಡಗಿತು. ಕೈ ಅಭ್ಯಾಸದಂತೆ ಸದ್ದು ಅಡಗಿಸಲು ಹೋಯಿತು.

ಗುರು ಹೇಳಿದರು, “ಪಾಪ, ಬೆಳಗಿನಿಂದ ಅವರಿಗೂ ಯಾರೂ ಹೂಂ ಅಂದಿಲ್ಲ.”