ಚರಂಡಿಗೆ ಬಿದ್ದ ಕತ್ತೆ ಮತ್ತು ಪುರಸಭೆಯ ಕ್ಯಾಮೆರಾ

ಮುಚ್ಚಳವಿಲ್ಲದ ಚರಂಡಿಗೆ ಕತ್ತೆಯೊಂದು ಬಿತ್ತು. ಪುರಸಭೆಯವರು ಹೊಸದಾಗಿ ಕಂಬದ ಮೇಲೆ ಕೂರಿಸಿದ್ದ ಕ್ಯಾಮೆರಾ ಅದನ್ನು ನೋಡಿತು.

“ಹೆದರಬೇಡ,” ಎಂದಿತು ಕ್ಯಾಮೆರಾ. “ಊರಿನ ಕಷ್ಟವನ್ನು ಕಚೇರಿಗೆ ತಿಳಿಸುವುದೇ ನನ್ನ ಕೆಲಸ. ನಿನ್ನ ಫೋಟೊ ಕಳಿಸಿದ್ದೇನೆ.”

ಕೊಳಚೆ ನೀರು ಕತ್ತೆಯ ಕುತ್ತಿಗೆಯವರೆಗೆ ಏರಿತು. “ಯಾರಾದರೂ ಹೊರಟರೇ?” ಎಂದು ಅದು ಕೇಳಿತು.

“ಉತ್ತರ ಬಂದಿದೆ. ನಿನ್ನ ದೂರು ಬಗೆಹರಿದಿದೆಯಂತೆ.”

“ನಾನಿನ್ನೂ ಇಲ್ಲೇ ಇದ್ದೇನಲ್ಲ ಸ್ವಾಮಿ!”

“ಅದು ನನಗೂ ಕಾಣುತ್ತಿದೆ. ಆದರೆ ಕಚೇರಿಯ ಲೆಕ್ಕದಲ್ಲಿ ನೀನು ಮೇಲೆ ಬಂದಾಗಿದೆ. ಸೇವೆ ತೃಪ್ತಿ ತಂದಿತೇ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?”

“ನಾನೇ ಹೇಳುತ್ತೇನೆ,” ಎಂದು ಕತ್ತೆ ಬಾಯಿ ತೆರೆದು ಅರಚಿತು. ಪಕ್ಕದ ಮೈದಾನದಲ್ಲಿ ಅದೇ ಕ್ಯಾಮೆರಾದ ಉದ್ಘಾಟನಾ ಭಾಷಣ ಮಾಡುತ್ತಿದ್ದ ಅಧ್ಯಕ್ಷರ ಒಂದು ಮಾತೂ ಯಾರಿಗೂ ಕೇಳಿಸದಂತಾಯಿತು.

“ಮೊದಲು ಅದರ ಬಾಯಿ ಮುಚ್ಚಿಸ್ರೋ!” ಎಂದು ಅಧ್ಯಕ್ಷರು ಕೂಗಿದರು. ಪೌರಕಾರ್ಮಿಕರು ಓಡಿಬಂದು ಹಗ್ಗ ಕಟ್ಟಿ ಕತ್ತೆಯನ್ನು ಮೇಲಕ್ಕೆಳೆದರು. ನೆರೆದ ಜನ ಚಪ್ಪಾಳೆ ತಟ್ಟಿದ್ದೇ ತಡ, ಅಧ್ಯಕ್ಷರು “ನೋಡಿದಿರಾ, ತಂತ್ರಜ್ಞಾನದ ಮಹಿಮೆ!” ಎಂದು ಕ್ಯಾಮೆರಾದ ಕಂಬಕ್ಕೆ ಸೇವಂತಿಗೆ ಹಾರ ಹಾಕಿದರು.

ಕತ್ತೆ ಮೈ ಕೊಡವಿಕೊಂಡು ಬಂದು ಹಾರವನ್ನು ತಿನ್ನತೊಡಗಿತು.

“ಏಯ್, ಅದು ನನಗೆ ಹಾಕಿದ್ದು!” ಎಂದಿತು ಕ್ಯಾಮೆರಾ.

“ಹಾಗಾದರೆ ದೂರು ಕೊಡು,” ಎಂದು ಕತ್ತೆ ಹಾರಕ್ಕೆ ಇನ್ನೊಮ್ಮೆ ಬಾಯಿ ಹಾಕಿತು.