ಅರಸ ಬೀಗ ಹಾಕಿದ ತೋಟ

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಒಬ್ಬ ಅರಸ ಇದ್ದನಂತೆ. ಅವನ ಪಟ್ಟಣದ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ತೋಟ. ಬೆಳೆ ತೆಗೆಯೋ ತೋಟ ಅಲ್ಲ ಮಗಾ, ಜನ ಸುಮ್ಮನೆ ಹೋಗಿ ಕೂರೋ ತೋಟ. ಬೇವು, ಹೊಂಗೆ, ಸಂಪಿಗೆ, ಕೆಳಗೆ ಗರಿಕೆ ಹುಲ್ಲು. ಸಂಜೆಯಾದರೆ ನೇಕಾರರು, ಬಳೆಗಾರರು, ಕೂಸು ಎತ್ತಿಕೊಂಡ ಹೆಂಗಸರು ಎಲ್ಲ ಅಲ್ಲೇ. ರಾಣಿಯೂ ಹೋಗ್ತಿದ್ದಳಂತೆ. ಅರಸನಿಗೆ ಮಾತ್ರ ಪುರುಸೊತ್ತಿಲ್ಲ.

ಆಮೇಲೆ ರಾಣಿ ಜ್ವರ ಬಂದು ತೀರಿಕೊಂಡಳಂತೆ. ಅವಳು ನೆಟ್ಟ ಸಂಪಿಗೆ ಮರ ತೋಟದಲ್ಲಿತ್ತು. ನನಗೆ ಉಳಿದಿರೋದು ಇದೊಂದೇ, ಇದನ್ನ ಯಾರೂ ಮುಟ್ಟಬಾರದು ಅಂತ ಅರಸ ತೋಟಕ್ಕೇ ಬೀಗ ಹಾಕಿಸಿದನಂತೆ. ಜನ ಬಾಗಿಲ ತನಕ ಬಂದು, ಬೀಗ ನೋಡಿ ವಾಪಸ್ ಹೋದರಂತೆ.

ಬೇಸಿಗೆ ಬಂತು. ಸಂಪಿಗೆ ಎಲೆ ಉದುರೋಕೆ ಶುರುವಾಯ್ತು. ಅರಸನಿಗೆ ಊಟ ಸೇರದು. ನಿಮ್ಮಮ್ಮನ ಮರ ಉಳಿಸಿ ಅಂತ ಮಕ್ಕಳನ್ನ ಕೇಳಿಕೊಂಡನಂತೆ. ದೊಡ್ಡ ಮಗ, ಬಿಸಿಗಾಳಿ ಹೊಡೀತಿದೆ ಅಂತ ಮರದ ಸುತ್ತ ಗೋಡೆ ಕಟ್ಟಿಸಿದ. ಎಲೆ ಉದುರೋದು ನಿಲ್ಲಲಿಲ್ಲ. ಆಮೇಲೆ ನಡುವಿನ ಮಗ ಗಾಡಿಗಟ್ಟಲೆ ನೀರು ತರಿಸಿ ಒಂದೇ ಸಲ ಸುರಿಸಿದ. ನೆಲ ಕಲ್ಲಾಗಿತ್ತು, ನೀರೆಲ್ಲ ಗುಡ್ಡ ಇಳಿದು ಪೇಟೆ ಬೀದಿಗೆ ಹೋಯಿತಂತೆ. ಆಮೇಲೆ ಉಳಿದವಳು ಕಿರಿಮಗಳು ದೇವೀರಿ. ಅವಳಿಗೆ ಏನೂ ತೋಚದೆ, ಬೀಗದಕೈ ಹಿಡಿದು ಬಾಗಿಲ ಹತ್ತಿರ ಕೂತಳಂತೆ.

ಅಲ್ಲಿಗೆ ಬಳೆಗಾರರ ಮನೆ ಮುದುಕಿ ಚಿಕ್ಕತಾಯಮ್ಮ ಮೊಮ್ಮಗನ್ನ ಸೊಂಟಕ್ಕೇರಿಸಿಕೊಂಡು, ಕೈಯಲ್ಲಿ ಚೊಂಬು ಹಿಡಿದು ಬಂದಳಂತೆ. ಬಾಗಿಲು ತೆಗಿ ತಾಯಿ, ಇವನು ಆ ಬೇವಿನ ಕೆಳಗಲ್ಲದೆ ಮಲಗಲ್ಲ, ಅತ್ತು ಅತ್ತು ಇಡೀ ಬೀದೀನೇ ಎಬ್ಬಿಸಿಟ್ಟಿದಾನೆ ಅಂದಳು. ಅಪ್ಪಾಜಿ ಬೈತಾರೆ ಅಂದಳು ದೇವೀರಿ. ಬೈಲಿ ಬಿಡು, ನನ್ನ ಅತ್ತೆಗಿಂತ ಜೋರಾಗಿ ಬೈತಾರಾ ಅಂದಳಂತೆ ಮುದುಕಿ.

ದೇವೀರಿ ತೆಗೆದಳು. ಮುದುಕಿ ಕೂರೋ ಮೊದಲು ಬೇವಿನ ಬುಡ ಕೆದಕಿ, ಚೊಂಬಿನ ನೀರು ನಿಧಾನ ಹನಿಸಿದಳಂತೆ. ಇದೇನಜ್ಜಿ ಅಂದರೆ, ಗುಡ್ಡದಲ್ಲಿ ಬಾವಿ ಇದೆಯಾ, ನೆರಳಿಗೆ ಬರಿಗೈಲಿ ಬರೋಕಾಗುತ್ತಾ, ಕೂರೋ ಮರಕ್ಕೆ ನಾವೇ ತಾನೇ ನೀರು ಹಾಕಬೇಕು, ನಿಮ್ಮಮ್ಮನೂ ಹಾಕೋರು ಅಂದಳಂತೆ.

ದೇವೀರಿ ಎರಡೂ ಕದ ತೆರೆದಿಟ್ಟಳು. ಊರೆಲ್ಲ ಚೊಂಬು ಹಿಡಿದು ಬಂತು. ಸುದ್ದಿ ಕೇಳಿ ಅರಸ ಕೋಪದಿಂದ ಓಡಿ ಬಂದನಂತೆ. ಅಷ್ಟರಲ್ಲಿ ಸಂಪಿಗೆ ಪೂರ್ತಿ ಒಣಗಿತ್ತು. ತಡವಾಯ್ತು ಬುದ್ಧಿ, ಬೇರೆ ಮರ ಉಳ್ಕೋತವೆ, ಇದು ಹೋಯ್ತು ಅಂದಳು ಮುದುಕಿ. ಅರಸ ಅಲ್ಲೇ ಕೂತ. ಅವಳದು ಅಂತ ಇನ್ನೇನೂ ಉಳೀಲಿಲ್ಲ ಅಂದನಂತೆ.

ಆಮೇಲೆ ಒಬ್ಬ ನೇಕಾರ, ರಾಣಿಯಮ್ಮ ಇಲ್ಲಿ ಕೂತು ಕಡ್ಲೆಕಾಯಿ ತಿನ್ನೋರು, ಸಿಪ್ಪೆಯೆಲ್ಲ ನನ್ನ ಪಂಚೆ ಮೇಲೆ ಅಂದ. ನನ್ನ ಕೂಸಿಗೆ ಜೋಗುಳ ಹಾಡೋರು, ಕೂಸು ಇನ್ನೂ ಜೋರಾಗಿ ಅಳೋದು ಅಂದಳು ಒಬ್ಬಳು.

ಹಾಡ್ತಿದ್ದಳಾ, ನನಗೆ ಗೊತ್ತೇ ಇಲ್ಲ ಅಂದ ಅರಸ. ಆಮೇಲೆ, ಅಂತ ಕೇಳಿದ.

ಇಲ್ಲ ಮಗಾ, ಆ ಮರ ಚಿಗುರಲಿಲ್ಲ. ಒಣಗಿದ್ದು ಒಣಗಿದ್ದೇ. ಆದರೆ ಅರಸ ದಿನಾ ಸಂಜೆ ಬಂದು ಜನರ ನಡುವೆ ಕೂತು, ಆಮೇಲೆ, ಆಮೇಲೆ ಅಂತ ಕೇಳ್ತಿದ್ದನಂತೆ, ನಿನ್ನ ಹಾಗೇ. ಜನ ಹೇಳ್ತಾನೇ ಇದ್ದರಂತೆ. ಅಲ್ಲಿಗೆ ಅವರ ಕತೆ ಮುಗೀತು, ಕಣ್ಣು ಮುಚ್ಚು.