ಹೆಗಲು ಕೊಟ್ಟ ಶುಕ್ರವಾರ

ಸರ್ವಧರ್ಮ ಸಭೆಗೆಂದು ಸ್ಪೇನ್ ದೇಶಕ್ಕೆ ದಯಮಾಡಿಸಿದ್ದ, ಶಿಷ್ಯರೆಲ್ಲ ‘ಅವ್ವನವರು’ ಎನ್ನುವ ಪೂಜ್ಯ ವಿರಜಾಂಬೆಯವರು, ಸಭೆ ಮುಗಿದ ಮರುದಿನ ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ, ಬಾಗಿಲು ಹಾಕಿದ್ದ ಬೇಕರಿಯ ಮೆಟ್ಟಿಲ ಮೇಲೆ ಕುಳಿತು ಒಣ ಬ್ರೆಡ್ಡನ್ನು ನೀರಿನಲ್ಲಿ ಅದ್ದಿಕೊಂಡು ಪ್ರಸಾದದಂತೆ ಸ್ವೀಕರಿಸುತ್ತಿದ್ದರು. ಸಂಘಟಕರು ಗೊತ್ತುಮಾಡಿದ್ದ ಹೋಟೆಲಿನ ಮೆತ್ತನೆಯ ಕುರ್ಚಿಗಳಿಗೆ ಅವ್ವನವರ ದರ್ಶನಭಾಗ್ಯ ಇರಲಿಲ್ಲ. ಅಂದು ಗುಡ್ ಫ್ರೈಡೇ, ಯೇಸುವನ್ನು ಶಿಲುಬೆಗೇರಿಸಿದ ದಿನ. ಸಂಜೆ ಮೇರಿಮಾತೆಯ ಮೆರವಣಿಗೆ ಆ ಬೀದಿಯಲ್ಲೇ ಬರುವುದಿತ್ತು.

ಜೊತೆಗೆ ಧಾರವಾಡದ ಶಿಷ್ಯೆ ಸುನಂದಕ್ಕ, ಆಕೆ ಹಟಹಿಡಿದು ಕರೆತಂದಿದ್ದ ತಂಗಿ ಕುಮುದಿನಿ. ಕುಮುದಿನಿಯ ಒಬ್ಬಳೇ ಮಗಳು ಮೃಣಾಲ ಕಾಯಿಲೆಯಿಂದ ಸವೆದು ಸವೆದು ತೀರಿಕೊಂಡು ಎರಡು ವರ್ಷವಾಗಿತ್ತು. ಹೆಣ ಎತ್ತಿದಾಗ ಹಿಂದೆಯೇ ಹೊರಟ ತಾಯಿಯನ್ನು ಹಿರಿಯರು, ‘ಹೆಂಗಸರು ಮಸಣಕ್ಕ ಬರಬಾರದು’ ಎಂದು ಹೊಸ್ತಿಲಲ್ಲೇ ತಡೆದಿದ್ದರು. ಅಲ್ಲಿ ನಿಂತ ಕಣ್ಣೀರು ಆಮೇಲೆ ಇಳಿದೇ ಇರಲಿಲ್ಲ. ಕಾಲೇಜಿಗೆ ಹೋಗಿ ಪಾಠ ಮಾಡುತ್ತಿದ್ದಳು. ಸಮಾಧಾನ ಹೇಳಬಂದವರಿಗೆ ಚಹಾ ಕೊಟ್ಟು ಸಾಗಹಾಕುತ್ತಿದ್ದಳು.

"ಅವ್ವನವರ ಮುಂದ ಒಂಚೂರು ಮನಸ್ಸು ಬಿಚ್ಚಿ ಮಾತಾಡ" ಎಂದರು ಸುನಂದಕ್ಕ, ಮೆಲ್ಲಗೆ.

"ಮಾತಾಡಿದ್ರ ಏನ್ ಹೇಳ್ತಾರಕ್ಕಾ? ಆತ್ಮಕ್ಕ ಸಾವಿಲ್ಲ ಅಂತ. ಅದನ್ನ ಬಾಜೂಮನಿ ವಿಮಾ ಏಜೆಂಟನೂ ಹೇಳಿ ಹೋಗ್ಯಾನ."

ಮಾತು ಅವ್ವನವರ ಕಿವಿಗೆ ಬಿತ್ತು. ಅವರು ಉಳಿದ ಬ್ರೆಡ್ಡಿನ ಚೂರನ್ನು ನಿಧಾನವಾಗಿ ತಿಂದು ಮುಗಿಸಿದರು.

ಹೊತ್ತಿಳಿಯುವಾಗ ದೂರದಲ್ಲಿ ಡೋಲಿನ ಸದ್ದು ಕೇಳಿತು. ಕಪ್ಪುಬಟ್ಟೆ ತೊಟ್ಟ ಹೆಂಗಸರು ಪಲ್ಲಕ್ಕಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ಗಂಡಸರು ಬರೀ ಮೇಣದಬತ್ತಿ ಹಿಡಿದು ಹಿಂದೆ. ಪಲ್ಲಕ್ಕಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮೂರ್ತಿ, ಕೆನ್ನೆಯ ಮೇಲೆ ಗಾಜಿನ ಹನಿ.

"ಮಗ ಭಾನುವಾರ ಗೋರಿಯಿಂದ ಎದ್ದು ಬರ್ತಾನಂತ. ಅದು ಗೊತ್ತಿದ್ದೂ ಈಕಿ ಅಳ್ತಾಳಲ್ರೀ ಅವ್ವಾ" ಎಂದಳು ಕುಮುದಿನಿ. ದನಿಯಲ್ಲಿ ಕೊಂಕಿತ್ತು.

"ಇವತ್ತ ಶುಕ್ರವಾರ ಅಲ್ಲೇನವಾ" ಎಂದರು ಅವ್ವನವರು.



ದಣಿವಾರಿಸಿಕೊಳ್ಳಲು ಪಲ್ಲಕ್ಕಿ ಬೇಕರಿಯ ಮುಂದೆಯೇ ನಿಂತಿತು. ಹೊತ್ತವರಲ್ಲಿ ಒಬ್ಬ ಮುದುಕಿ ಏದುಸಿರು ಬಿಡುತ್ತ ಈಚೆ ಸರಿದಳು. ಅವ್ವನವರು ಎದ್ದು ಆಕೆಗೆ ಕೈಮುಗಿದು, ಕುಮುದಿನಿಯತ್ತ ತೋರಿಸಿದರು. ಭಾಷೆ ಬಾರದ ಆ ಮುದುಕಿ ಕುಮುದಿನಿಯ ಮುಖವನ್ನೊಮ್ಮೆ ನೋಡಿ, ತನ್ನ ಹೆಗಲ ಮೇಲಿದ್ದ ಬಟ್ಟೆಯ ಸಿಂಬಿಯನ್ನು ತೆಗೆದು ಇವಳ ಹೆಗಲಿಗಿಟ್ಟಳು.

"ಹೆಗಲ ಕೊಡು, ಹೋಗು" ಎಂದರು ಅವ್ವನವರು.

"ಹೆಂಗಸರು ಹೊರಬಾರದು ಅಂತ..." ಎಂದು ಸುನಂದಕ್ಕ ರೂಢಿಯಂತೆ ಬಾಯಿ ತೆರೆದರು. ಎದುರಿಗೆ ನಿಂತಿದ್ದವರೆಲ್ಲ ಹೆಂಗಸರೇ ಆಗಿದ್ದರಿಂದ ಮಾತು ಅರ್ಧಕ್ಕೇ ನಿಂತಿತು.

ಕುಮುದಿನಿ ಹೊತ್ತಳು. ಚರ್ಚಿನ ಬಾಗಿಲವರೆಗೂ ಏರುದಾರಿ. ಅವ್ವನವರು ಬರಿಗಾಲಲ್ಲಿ ಪಕ್ಕದಲ್ಲೇ ನಡೆದರು. ಪಲ್ಲಕ್ಕಿ ಇಳಿಸಿದ ಮೇಲೆ ಕುಮುದಿನಿ ಹೆಗಲು ಉಜ್ಜಿಕೊಳ್ಳುತ್ತ ಮೂರ್ತಿಯತ್ತ ನೋಡಿದಳು.

"ಇಷ್ಟು ಭಾರ ಇರಲಿಲ್ಲರೀ ನನ್ನ ಮೃಣಾಲ" ಎಂದಳು. "ಕಡೀಕಡೀಗೆ ಎಲುಬಷ್ಟ ಉಳಿದಿತ್ತು. ನಾಕ ಮಂದಿ ಯಾಕ ಬೇಕಾಗಿತ್ತು? ನಾ ಒಬ್ಬಾಕಿನ ಎತಗೊಂಡು ಹೋಗ್ತಿದ್ದೆ."

ಹಾಗೆಂದವಳೇ ಕಲ್ಲುಹಾಸಿನ ಮೇಲೆ ಕುಸಿದು, ಪಕ್ಕದಲ್ಲೇ ಕುಳಿತ ಅವ್ವನವರ ಮಡಿಲಲ್ಲಿ ಮುಖವಿಟ್ಟು ಎರಡು ವರ್ಷದ ಅಳು ಅತ್ತಳು. "ಅಳಬ್ಯಾಡವಾ" ಎನ್ನುತ್ತ ಓಡಿಬಂದ ಅಕ್ಕನನ್ನು ಅವ್ವನವರು ಕೈಯೆತ್ತಿ ತಡೆದರು. ಅವರ ಕಣ್ಣಲ್ಲೂ ನೀರಿತ್ತು.